ಬಾಹ್ಯ ನರ: ಸೂಕ್ಷ್ಮದರ್ಶಕದಲ್ಲಿ ಕಾಣುವ ಅಡ್ಡಛೇದ

ಮಿದುಳು, ಬೆನ್ನುಹುರಿಗಳಿಂದ ಹೊರಟು ಚರ್ಮ ಮತ್ತು ಸ್ನಾಯುಗಳನ್ನು ತಲುಪುವ ನರದ ಅಡ್ಡಛೇದವಿದು. 1948ರಲ್ಲಿ ಪುಣೆಯಲ್ಲಿ ಆರಂಭವಾದ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜೂ ಸೇರಿದಂತೆ ಎಲ್ಲೆಡೆ ವೈದ್ಯ ವಿದ್ಯಾರ್ಥಿಗಳು ಮೊದಲಿಗೆ ಕಲಿಯುವ ಸ್ಲೈಡ್‌ಗಳಲ್ಲಿ ಇದೂ ಒಂದು.

ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಕೆಡದಂತೆ ಇರಿಸಿ, ಮೇಣದಲ್ಲಿ ಹುದುಗಿಸಿ, ಸುಮಾರು 5 ಮೈಕ್ರಾನ್ ತೆಳುವಾಗಿ ಕೊಯ್ದು, ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣಗಳನ್ನು ಹಚ್ಚಲಾಗುತ್ತದೆ.

ನರಕ್ಕೆ ಮೂರು ಹೊದಿಕೆಗಳಿವೆ. ಹೊರಗಿನದು ಇಡೀ ನರವನ್ನು ಸುತ್ತಿದರೆ, ನಡುವಿನದು ಎಳೆಗಳ ಒಂದೊಂದು ಕಟ್ಟನ್ನೂ ಬಿಗಿದು ರಕ್ತದಲ್ಲಿನ ಅನೇಕ ವಸ್ತುಗಳನ್ನು ಒಳಗೆ ಬಿಡದೆ ತಡೆಯುತ್ತದೆ. ಒಳಗಿನ ನವುರಾದ ಪದರ ಪ್ರತಿ ಎಳೆಯನ್ನೂ ಬಳಸಿರುತ್ತದೆ.

ಕಟ್ಟಿನೊಳಗೆ ನಡುವೆ ಚುಕ್ಕೆಯಿರುವ ಪುಟ್ಟ ಉಂಗುರಗಳನ್ನು ಗಮನಿಸಿ. ಚುಕ್ಕೆಯೇ ಸಂದೇಶ ಒಯ್ಯುವ ಆಕ್ಸಾನ್. ಸುತ್ತಲಿನ ಬಿಳಿ ಜಾಗ ಮೂಲತಃ ಖಾಲಿಯಾಗಿರಲಿಲ್ಲ. ಶ್ವಾನ್ ಕೋಶಗಳು ಸುರುಳಿ ಸುತ್ತಿ ರಚಿಸಿದ ಮಯಲಿನ್ ಅಲ್ಲಿತ್ತು. ಅದರ ಕೊಬ್ಬು ಸ್ಲೈಡ್ ಸಿದ್ಧಪಡಿಸುವಾಗ ಕರಗಿಹೋಗಿದೆ.

ಮಯಲಿನ್ ಅಲ್ಲಲ್ಲಿ ಕಡಿದಿರುತ್ತದೆ. ರಾನ್ವಿಯೇ ಗಂಟುಗಳೆಂಬ ಈ ಕಡಿತಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸಂದೇಶ ದಪ್ಪ ಎಳೆಗಳಲ್ಲಿ ಸೆಕೆಂಡಿಗೆ 100 ಮೀಟರ್ ದಾಟಬಲ್ಲದು. ಮಯಲಿನ್ ಇಲ್ಲದ ಸಣ್ಣ ಎಳೆಗಳಲ್ಲಿ ವೇಗ ಒಂದೆರಡು ಮೀಟರ್ ಮಾತ್ರ. ಮಂದವಾಗಿ ಉಳಿಯುವ ನೋವು ಸಾಗುವುದು ಇವುಗಳಲ್ಲೇ.

ಕುಷ್ಠರೋಗದ ಬ್ಯಾಕ್ಟೀರಿಯಾ ನೆಲೆಯೂರುವುದು ಶ್ವಾನ್ ಕೋಶಗಳಲ್ಲಿ. ಇದರಿಂದ ನರ ಹಾಳಾಗಿ ಸ್ಪರ್ಶಜ್ಞಾನ ಅಳಿದ ಬೆರಳಿಗೆ ಸುಟ್ಟರೂ ತಿಳಿಯದು. ಅಂಗವೈಕಲ್ಯ ಬಹುಮಟ್ಟಿಗೆ ಹೀಗೇ ಬರುತ್ತದೆ. ಪುಣೆಯ ಕೊಂಢ್ವಾದಲ್ಲಿ ಈ ರೋಗಿಗಳಿಗೆಂದೇ ಡಾ. ಬಂಡೋರವಾಲಾ ಆಸ್ಪತ್ರೆಯಿದೆ.

ತುಂಡಾದ ನರ ಮತ್ತೆ ಬೆಳೆಯಬಲ್ಲದು. ಶ್ವಾನ್ ಕೋಶಗಳು ಹಾದಿ ತೋರಿದಂತೆ ಆಕ್ಸಾನ್ ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದುವರಿಯುತ್ತದೆ. ಮಣಿಕಟ್ಟಿನಿಂದ ಬೆರಳತುದಿ ಮುಟ್ಟಲು ತಿಂಗಳುಗಳೇ ಬೇಕು.