ರಕ್ತ ಕೊಟ್ಟ ಹಂದಿಗೋಡು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಮದುವೆ ಮಾತು ಬಂದರೆ ಹಿರಿಯರು ಮೊದಲು ನೋಡೋದು ಮನೆಯೊಳಗೇ. "ಅಕ್ಕನ ಮಗಳಿರೋವಾಗ ಹೊರಗಿನ ಹೆಣ್ಣು ಯಾಕ ತರಬೇಕ್ರಿ?" ಹೊಲ ಒಡೆಯಲ್ಲ, ಹೆಣ್ಣುಮಗಳಿಗೆ ಅತ್ತೆ ಮನೆ ಪರಕೀಯ ಅನ್ನಿಸಲ್ಲ. ಅವರ ಲೆಕ್ಕ ಅವರಿಗೆ. ಈಗ ಆ ಲೆಕ್ಕದ ನಡುವೆ ಹೊಸ ಕಾಗದವೊಂದು ಬರ್ತಿದೆ: ಜೆನೆಟಿಕ್ ಟೆಸ್ಟ್ ರಿಪೋರ್ಟ್. ಅದು ಮನೆಗೆ ಬಂದಮೇಲೆ ಏನಾಗುತ್ತೆ ಅಂತ ತಿಳಿಯೋಕೆ ನಿಮ್ಮನ್ನ ಮೊದಲು ಮಲೆನಾಡಿಗೆ ಕರ್ಕೊಂಡು ಹೋಗಬೇಕು. ಅಲ್ಲಿನ ಒಂದು ಊರು ಐವತ್ತು ವರ್ಷದ ಹಿಂದೆಯೇ ಇದನ್ನು ಅನುಭವಿಸಲು ಶುರು ಮಾಡಿತ್ತು.

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ಮಧ್ಯಭಾಗ. ಗದ್ದೆ ಕೆಲಸ ಮಾಡುವ ದಲಿತ ಕುಟುಂಬಗಳಲ್ಲಿ ಸೊಂಟ ಹಿಡಿಯೋದು, ಮಂಡಿ ನೋವು. ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವರು ಕೋಲು ಹಿಡಿದರು, ಕೆಲವರು ತೆವಳಿದರು. ಕೆಲವರು ಗಿಡ್ಡವಾಗೇ ಉಳಿದರು. ಅನುಮಾನ ಬಿದ್ದಿದ್ದು ಗದ್ದೆ ಏಡಿಯ ಮೇಲೆ. ಭತ್ತಕ್ಕೆ ಹೊಡೆದ ಕೀಟನಾಶಕ ಏಡಿ ಸೇರಿ, ಅದನ್ನು ತಿಂದವರ ಮೂಳೆ ಸೇರಿತು ಅಂತ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1977ರಲ್ಲೇ ಇದನ್ನು ಮಲೆನಾಡಿನ 'ಕೌಟುಂಬಿಕ' ಸಂಧಿವಾತ ಎಂದು ಕರೆದರು. 1990ರ ದಶಕದಲ್ಲಿ ಎಕ್ಸ್‌ರೇ, ವಂಶವೃಕ್ಷ ಎರಡನ್ನೂ ಜೋಡಿಸಿ ನೋಡಿದ ಸಂಶೋಧಕರು, ಇದು ಮೂಳೆ ಬೆಳವಣಿಗೆಯ ಆನುವಂಶಿಕ ದೋಷ, 'ಪ್ರಬಲ' ಮಾದರಿಯಲ್ಲಿ ಸಾಗುತ್ತೆ ಅಂದರು.

ಪ್ರಬಲ ಅಂದ್ರೆ ಅಪ್ಪ-ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಂಥ ರೋಗ ದಾಟೋಕೆ ಸಂಬಂಧದೊಳಗಿನ ಮದುವೆ ಬೇಕೇ ಇಲ್ಲ. ಆದರೂ "ಒಳಗೊಳಗೇ ಮದುವೆ ಆಗ್ತಾರೆ, ಅದಕ್ಕೇ" ಅನ್ನೋ ಮಾತು ಅವರಿಗೆ ಅಂಟಿತು.

ಹೆಸರಿನ ವಿಷಯ ನೋಡಿ. ರೋಗ ಇರೋದು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ. ಹೆಸರು ಮಾತ್ರ ಒಂದೇ ಊರಿನದು, ಹಂದಿಗೋಡು ಕಾಯಿಲೆ. ರೋಗಿಯ ಹೆಸರು ಗುಟ್ಟಾಗಿಡಬೇಕು ಅಂತ ನಿಯಮ ಇದೆ, ಊರಿನ ಹೆಸರಿಗೆ ಆ ರಕ್ಷಣೆ ಇಲ್ಲ. ರೋಗವೇ ಇಲ್ಲದ ಹುಡುಗಿಗೂ ಅಲ್ಲಿಂದ ಗಂಡು ಹುಡುಕೋ ತಂದೆಯ ಪಾಡು ಊಹಿಸಿಕೊಳ್ಳಿ. (ನಾವು ಟಿವಿಯವರೂ ಕಮ್ಮಿ ಇಲ್ಲ, ಸ್ಕ್ರೀನ್ ಮೇಲೆ ಊರಿನ ಹೆಸರು ದೊಡ್ಡದಾಗಿ ಬಂದಷ್ಟೂ ನಮಗೆ ಸಮಾಧಾನ.) ಆ ಜನ ರಕ್ತ ಕೊಟ್ಟರು, ಎಕ್ಸ್‌ರೇಗೆ ನಿಂತರು. ರೋಗದ ಮೂಲಕ್ಕೇ ಔಷಧಿ ಸಿಗಲಿಲ್ಲ. ನೋವಿನ ಮಾತ್ರೆ ಸಿಕ್ಕಿತು, ಕೆಲವರಿಗೆ ಸೊಂಟದ ಕೀಲಿನ ಆಪರೇಷನ್.

ಈಗ ನಮ್ಮ ಕಡೆ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷೆ ಮಾಡಿದ್ದರು. ಆ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ತಂದೆ-ತಾಯಂದಿರು ಮೊದಲೇ ಸಂಬಂಧಿಕರು. ಅದು ಪಟ್ಟಣದ ಮಾತು. ಇಲ್ಲಿ ವಿಷಯ 'ಅಪ್ರಬಲ' ರೋಗಗಳದ್ದು, ಥಲಸ್ಸೀಮಿಯಾ ತರಹ. ಗಂಡ, ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದು, ಎರಡೂ ಮಗುವಿಗೆ ಬಂದರೆ ರೋಗ. ನಾಲ್ಕರಲ್ಲಿ ಒಂದು ಸಾಧ್ಯತೆ. ರಕ್ತಸಂಬಂಧ ಹತ್ತಿರವಾದಷ್ಟೂ ಇಬ್ಬರಲ್ಲೂ ಅದೇ ಪ್ರತಿ ಇರುವ ಅಪಾಯ ಹೆಚ್ಚು. ಪಾಲು ಮಾತ್ರ ಸಮ ಸಮ. ತೀರ್ಪು ಸಮ ಬರುತ್ತಾ? ರಿಪೋರ್ಟು ಬಂದ ಸಂಜೆ ತವರಿಗೆ ಹೊರಡೋ ಚೀಲ ಯಾರದ್ದು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಾನು ಇಂಜಿನಿಯರಿಂಗ್ ಓದಿದವನು. ಕೋಡ್‌ನಲ್ಲಿ ತಪ್ಪು ಸಿಕ್ಕರೆ ನಮಗೆ ಖುಷಿ, ಸರಿ ಮಾಡಬಹುದಲ್ಲ ಅಂತ. ಜೀನ್ ವಿಷಯದಲ್ಲಿ ತಪ್ಪು ಬೇಗ ಸಿಗುತ್ತೆ, ರಿಪೇರಿ ಎಲ್ಲರ ಕೈಗೆ ಎಟುಕಲ್ಲ. ಮಕ್ಕಳ ಸ್ನಾಯು ಕ್ಷೀಣಿಸುವ ಎಸ್‌ಎಂಎ ರೋಗಕ್ಕೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಜೀನ್ ಚಿಕಿತ್ಸೆ ಜೋಲ್ಜೆನ್‌ಸ್ಮಾ. ಒಂದೇ ಡೋಸ್, ಸುಮಾರು 16 ಕೋಟಿ ರೂಪಾಯಿ. 2025-26ರ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಭಾಗಿಸಿ ನೋಡಿ: 20,000 ಕ್ವಿಂಟಲ್ ತೊಗರಿ. ಎಕರೆಗೆ ನಾಲ್ಕು ಕ್ವಿಂಟಲ್ ಅಂದ್ಕೊಂಡರೂ ಐದು ಸಾವಿರ ಎಕರೆಯ ಪೂರ್ತಿ ಬೆಳೆ, ಒಂದು ಮಗುವಿಗೆ.

ಹುಟ್ಟಲಿರುವ ಮಕ್ಕಳ ವಂಶವಾಹಿಯನ್ನೇ ತಿದ್ದೋದು ಬೇಡ ಅಂತ 2019ರಲ್ಲಿ ಐಸಿಎಂಆರ್ ಮಾರ್ಗಸೂಚಿ ಬಂತು. ಒಳ್ಳೇದೇ. ಅದು ದೊಡ್ಡ ಲ್ಯಾಬುಗಳ ಮಾತು. ಜೇವರ್ಗಿಯ ತಾಲ್ಲೂಕು ಆಸ್ಪತ್ರೆಯಲ್ಲಿ ರಿಪೋರ್ಟ್ ಕೈಗೆ ಬಂದ ದಿನ ಗಂಡ, ಹೆಂಡತಿ, ಅತ್ತೆ ಮೂವರನ್ನೂ ಕೂರಿಸಿ, "ಇದು ಯಾರ ತಪ್ಪೂ ಅಲ್ಲ ನೋಡ್ರವ್ವ" ಅಂತ ಅವರ ಮಾತಲ್ಲೇ ಬಿಡಿಸಿ ಹೇಳುವ ಒಂದು ಹುದ್ದೆ ಯಾವಾಗ ತುಂಬ್ತೀರಿ? ಆರೋಗ್ಯ ಸಚಿವರು ಮುಂದಿನ ಸಲ ಕಲಬುರಗಿಗೆ ಬಂದಾಗ ಮೈಕ್ ಹಿಡಿದು ಇದನ್ನೇ ಕೇಳಬೇಕು ಅಂತಿದ್ದೀನಿ.