ಎರಡು ಗುಳಿಗೆಯ ಪರೀಕ್ಷೆ

‘ಡೇಟ್ ಮ್ಯಾಲ ಆಗೇತ್ರೀ, ಗುಳಿಗಿ ಕೊಡ್ರಿ.’ ಎಂಬತ್ತರ ದಶಕದ ಆರಂಭದಲ್ಲಿ ಗದಗಿನ ನಮ್ಮ ಸೋದರಮಾವನ ಔಷಧಿ ಅಂಗಡಿಯಲ್ಲಿ ಹೀಗೆ ಕೇಳುತ್ತಿದ್ದವರು ಹೆಚ್ಚಾಗಿ ಗಂಡಸರು. ಹೆಂಗಸು ದೂರದಲ್ಲಿ ಸೈಕಲ್ ಪಕ್ಕ ಸೆರಗು ಹೊದ್ದು ನಿಂತಿರುತ್ತಿದ್ದಳು. ಚೀಟಿ ಇರುತ್ತಿದ್ದುದು ಅಪರೂಪ.

ಕೇಳುತ್ತಿದ್ದುದು ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಹೆಚ್ಚು ಪ್ರಮಾಣದಲ್ಲಿ ಬೆರೆಸಿದ ಮಾತ್ರೆ, ವ್ಯಾಪಾರದಲ್ಲಿ ಇ.ಪಿ. ಎನ್ನುತ್ತಿದ್ದೆವು. ಮೂಲದಲ್ಲಿ ಇದು ಗರ್ಭ ನಿಂತಿದೆಯೇ ಎಂದು ತಿಳಿಯುವ ಉಪಾಯ. ಎರಡು ದಿನ ನುಂಗಿ ನಿಲ್ಲಿಸಿದರೆ ಹಾರ್ಮೋನು ಒಮ್ಮೆಲೇ ಇಳಿಯುತ್ತದೆ, ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ. ಬಸಿರಿದ್ದರೆ ಮೈಯ ಸ್ವಂತ ಹಾರ್ಮೋನು ಆ ಪದರವನ್ನು ಹಿಡಿದಿಟ್ಟಿರುತ್ತದೆ, ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಉತ್ತರ. ಆದರೆ ನಮ್ಮ ಗಿರಾಕಿಗಳು ಇದನ್ನು ಪರೀಕ್ಷೆಯೆಂದು ತಿಳಿದಿರಲಿಲ್ಲ, ಬಸಿರು ಇಳಿಸುವ ಮದ್ದು ಎಂದುಕೊಂಡಿದ್ದರು. ಮುಟ್ಟಾಗದಿದ್ದರೆ ‘ಪವರ್ ಸಾಲಲಿಲ್ಲ’ ಎಂದು ಮತ್ತೆ ಬರುತ್ತಿದ್ದರು. ಹೀಗಾಗಿ ಯಾರು ನುಂಗಲೇಬಾರದಿತ್ತೋ ಅವರೇ ಹೆಚ್ಚು ನುಂಗುತ್ತಿದ್ದರು. ಈ ಮಾತ್ರೆಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಅನಾಹುತವಾಗಿ ಕಾಣುವುದು ಇದೇ.

ಬ್ರಿಟನ್ನಿನಲ್ಲಿ ಇದೇ ಬಗೆಯ ಪ್ರೈಮೊಡಾಸ್ ಮಾತ್ರೆ 1958ರಿಂದ 1978ರವರೆಗೆ ಮಾರಾಟವಾಯಿತು. ಮಾತ್ರೆಯೊಂದಕ್ಕೆ 10 ಮಿಲಿಗ್ರಾಂ ನಾರೆಥಿಸ್ಟೆರಾನ್ ಅಸಿಟೇಟ್, ಜೊತೆಗೆ 20 ಮೈಕ್ರೊಗ್ರಾಂ ಎಥಿನೈಲ್ ಈಸ್ಟ್ರಡಯಾಲ್. ಇಂಥ ಪರೀಕ್ಷೆಗೂ ಶಿಶುಗಳ ಬೆನ್ನುಹುರಿಯ ದೋಷಕ್ಕೂ ನಂಟಿರಬಹುದೆಂದು ಇಸಾಬೆಲ್ ಗಾಲ್ ಎಂಬ ವೈದ್ಯೆ 1967ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ನಂಟಿನ ವಾದ ಇನ್ನೂ ಮುಗಿದಿಲ್ಲ. 2017ರಲ್ಲಿ ಅಲ್ಲಿನ ತಜ್ಞರ ತಂಡ ಸಾಕ್ಷ್ಯ ಸಾಲದೆಂದಿತು. 2020ರಲ್ಲಿ ಔಷಧ ಸುರಕ್ಷತೆ ಕುರಿತ ಅಲ್ಲಿನ ಕಂಬರ್ಲೆಜ್ ವರದಿ, ಈ ಮಾತ್ರೆಯನ್ನು 1967ರಲ್ಲೇ ಹಿಂತೆಗೆಯಬೇಕಿತ್ತು ಎಂದಿತು. ನನ್ನ ಮತ ವರದಿಯ ಕಡೆಗೆ. ಮೂತ್ರದಲ್ಲೇ ಬಸಿರು ಪತ್ತೆಹಚ್ಚುವ ವಿಧಾನ ಅರವತ್ತರ ದಶಕದಲ್ಲೇ ಬಂದಿತ್ತು. ಬಾಟಲಿಯಲ್ಲಿ ಮುಗಿಯುವ ಕೆಲಸಕ್ಕೆ ಮೈಯನ್ನೇಕೆ ಒಡ್ಡಬೇಕಿತ್ತು?

ನಮ್ಮಲ್ಲಿ ಮಹಿಳಾ ಸಂಘಟನೆಗಳು ಹೋರಾಟಕ್ಕಿಳಿದವು. ಕೇಂದ್ರ ಸರ್ಕಾರ 1982ರಲ್ಲಿ ನಿಷೇಧಕ್ಕೆ ಹೊರಟಿತು, ಕಂಪನಿಗಳು ತಡೆಯಾಜ್ಞೆ ತಂದವು, ಸಾರ್ವಜನಿಕ ವಿಚಾರಣೆಗಳು ನಡೆದವು. ಅಷ್ಟು ವರ್ಷವೂ ಮಾಲು ಬರುತ್ತಲೇ ಇತ್ತು. ಕೊನೆಗೆ 1988ರಲ್ಲಿ, ಗರ್ಭನಿರೋಧಕಗಳನ್ನು ಬಿಟ್ಟು, ಮಾತ್ರೆಗೆ 50 ಮೈಕ್ರೊಗ್ರಾಮಿಗಿಂತ ಹೆಚ್ಚು ಈಸ್ಟ್ರೊಜನ್, 3 ಮಿಲಿಗ್ರಾಮಿಗಿಂತ ಹೆಚ್ಚು ಪ್ರೊಜೆಸ್ಟಿನ್ ಇರುವ ಮಿಶ್ರಣಗಳಿಗೆ ನಿಷೇಧ ಬಿತ್ತು, ಚುಚ್ಚುಮದ್ದುಗಳಿಗೂ.

ಈ ಗಲಾಟೆಯಲ್ಲಿ ಪೆಟ್ಟು ತಿಂದದ್ದು ಪಾಪದ ಗರ್ಭನಿರೋಧಕ ಮಾತ್ರೆ ಮಾಲಾ-ಡಿ. ‘ಅದೂ ಅದೇ ಹಾರ್ಮೋನಿಂದಲ್ಲೇನ್ರೀ?’ ಎಂದು ಒಯ್ದ ಮಾತ್ರೆ ವಾಪಸು ತಂದವರಿದ್ದರು. ಅದರಲ್ಲಿರುವುದು 30 ಮೈಕ್ರೊಗ್ರಾಂ ಈಸ್ಟ್ರೊಜನ್, 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್, ಕೆಲಸವೂ ಬೇರೆ. ಅದಕ್ಕೂ ಎಚ್ಚರ ಬೇಕು ಅನ್ನಿ. ನುಂಗಿದ ಈಸ್ಟ್ರೊಜನ್ ಮೊದಲು ಯಕೃತ್ತನ್ನು ಹಾಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಹೆಚ್ಚುತ್ತವೆ. ಹಾಗಾಗಿ ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಗಟ್ಟಿದ್ದವರು, ಬಿ.ಪಿ. ಏರಿದವರು, ಮೂವತ್ತೈದು ದಾಟಿ ಬೀಡಿ ಸೇದುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬೀಡಿಯ ಪ್ರಶ್ನೆಯನ್ನು ಮಾವ ಹೆಂಗಸರಿಗೆ ಕೇಳಲು ನಾಚುತ್ತಿದ್ದ, ನಾನೇ ಕೇಳಬೇಕಾಗುತ್ತಿತ್ತು.