ಸಂಗಾತಿ ವೀಸಾದ ದಾಖಲೆಗಳು

ಸಂಗಾತಿ ವೀಸಾದ ದಾಖಲೆಗಳು ಎಂದರೆ ವಿದೇಶದಲ್ಲಿ ನೆಲೆಸಿರುವ ಪತಿ ಅಥವಾ ಪತ್ನಿಯೊಂದಿಗೆ ವಾಸಿಸಲು ಸಲ್ಲಿಸುವ ವೀಸಾ ಅರ್ಜಿಯ ಜೊತೆಗೆ ಒದಗಿಸಬೇಕಾದ ಪ್ರಮಾಣಪತ್ರಗಳು ಮತ್ತು ಇತರ ಪುರಾವೆಗಳು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಲ್ಲಿ ಇದು ‘ಫ್ಯಾಮಿಲಿ ವೀಸಾ’ ಎಂದೂ, ಅಮೆರಿಕದಲ್ಲಿ ಉದ್ಯೋಗದಲ್ಲಿರುವವರ ಕುಟುಂಬಗಳಲ್ಲಿ ‘ಡಿಪೆಂಡೆಂಟ್ ವೀಸಾ’ ಎಂದೂ ರೂಢಿಯಲ್ಲಿದೆ. ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾದರೂ ಎಲ್ಲ ಕಡೆಯೂ ಮೂರು ಸಂಗತಿಗಳನ್ನು ರುಜುವಾತುಪಡಿಸಬೇಕಾಗುತ್ತದೆ: ಮದುವೆ ಕಾನೂನುಬದ್ಧವಾಗಿ ನಡೆದಿದೆ, ದಾಂಪತ್ಯ ನಿಜವಾದುದು, ಮತ್ತು ಎಲ್ಲ ಕಾಗದಪತ್ರಗಳಲ್ಲಿ ಉಲ್ಲೇಖಗೊಂಡಿರುವವರು ಅದೇ ಇಬ್ಬರು ವ್ಯಕ್ತಿಗಳು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಹೆಸರಿಡುವ ಪದ್ಧತಿ, ಹೆರಿಗೆಯ ಸಂಪ್ರದಾಯ ಮತ್ತು ಆಡಳಿತ ಗಡಿಗಳ ಬದಲಾವಣೆಯಿಂದಾಗಿ ಮೂರನೆಯ ಸಂಗತಿಯೇ ಹೆಚ್ಚು ತೊಡಕಿನದಾಗಿದೆ.

## ಹಿನ್ನೆಲೆ

ಕರಾವಳಿಯ ಈ ಭಾಗದಿಂದ ಮೊದಲು ಮುಂಬಯಿ, ಬೆಂಗಳೂರುಗಳಿಗೆ, ಅನಂತರ ಕೊಲ್ಲಿ ರಾಷ್ಟ್ರಗಳಿಗೆ, ಇತ್ತೀಚೆಗೆ ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ಜರ್ಮನಿಗಳಿಗೆ ಉದ್ಯೋಗಕ್ಕಾಗಿ ಜನರು ವಲಸೆ ಹೋಗಿದ್ದಾರೆ. ರಜೆಯಲ್ಲಿ ಊರಿಗೆ ಬಂದು ಮದುವೆಯಾಗಿ, ಕೆಲವೇ ವಾರಗಳಲ್ಲಿ ಕೆಲಸಕ್ಕೆ ಮರಳುವುದು ಸಾಮಾನ್ಯ. ಇಂಥ ಸಂದರ್ಭದಲ್ಲಿ ದಾಖಲೆಯೊಂದರ ಕೊರತೆಯಿಂದ ಅರ್ಜಿ ತಡವಾದರೆ ಅಥವಾ ತಿರಸ್ಕೃತವಾದರೆ ನವದಂಪತಿಗಳು ತಿಂಗಳುಗಟ್ಟಲೆ ಬೇರೆಯಾಗಿ ಇರಬೇಕಾಗುತ್ತದೆ.

ಉಡುಪಿ ಜಿಲ್ಲೆಯು 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಪ್ರತ್ಯೇಕಗೊಂಡು ರಚನೆಯಾಯಿತು. ಆಗ ಉಡುಪಿ, ಕುಂದಾಪುರ ಮತ್ತು ಕಾರ್ಕಳ ಎಂಬ ಮೂರು ತಾಲ್ಲೂಕುಗಳಿದ್ದವು. ಅನಂತರ ಕುಂದಾಪುರದಿಂದ ಬೈಂದೂರು, ಉಡುಪಿಯಿಂದ ಬ್ರಹ್ಮಾವರ ತಾಲ್ಲೂಕುಗಳು ಬೇರ್ಪಟ್ಟು 2018ರಲ್ಲಿ ಕಾರ್ಯಾರಂಭ ಮಾಡಿದವು. ಆದುದರಿಂದ ಒಂದೇ ಮನೆಯಲ್ಲಿ ಹುಟ್ಟಿ ಬೆಳೆದವರ ಹಳೆಯ ದಾಖಲೆಯಲ್ಲಿ ‘ಕುಂದಾಪುರ ತಾಲ್ಲೂಕು, ದಕ್ಷಿಣ ಕನ್ನಡ’ ಎಂದೂ, ಹೊಸ ದಾಖಲೆಯಲ್ಲಿ ‘ಬೈಂದೂರು ತಾಲ್ಲೂಕು, ಉಡುಪಿ’ ಎಂದೂ ಇರುವುದುಂಟು.

## ವಿವಾಹ ನೋಂದಣಿ

ಸಂಗಾತಿ ವೀಸಾದ ಮೂಲ ದಾಖಲೆ ವಿವಾಹ ನೋಂದಣಿ ಪ್ರಮಾಣಪತ್ರ. ಕಲ್ಯಾಣಮಂಟಪದ ರಸೀದಿ, ದೇವಸ್ಥಾನದ ಚೀಟಿ, ಲಗ್ನಪತ್ರಿಕೆ ಇವು ಪೂರಕ ಪುರಾವೆಗಳೇ ಹೊರತು ನೋಂದಣಿಗೆ ಬದಲಿಯಲ್ಲ. ಎಲ್ಲ ಧರ್ಮಗಳವರ ವಿವಾಹಗಳ ನೋಂದಣಿಯನ್ನು ಕಡ್ಡಾಯಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರವರಿ 14ರಂದು ರಾಜ್ಯಗಳಿಗೆ ನಿರ್ದೇಶಿಸಿತು. ಕರ್ನಾಟಕದಲ್ಲಿ ಇದಕ್ಕೆ ಮೊದಲೇ 1976ರ ಕರ್ನಾಟಕ ವಿವಾಹಗಳ (ನೋಂದಣಿ ಮತ್ತು ಸಂಕೀರ್ಣ ಉಪಬಂಧಗಳ) ಅಧಿನಿಯಮ ಇತ್ತು.

### ಹಿಂದೂ ವಿವಾಹ

1955ರ ಹಿಂದೂ ವಿವಾಹ ಅಧಿನಿಯಮದ 8ನೆಯ ಪ್ರಕರಣದಂತೆ, ನಡೆದ ಮದುವೆಯನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲಾಗುತ್ತದೆ. ಲಗ್ನಪತ್ರಿಕೆ, ವಿವಾಹದ ಛಾಯಾಚಿತ್ರ, ಇಬ್ಬರ ವಯಸ್ಸು ಮತ್ತು ವಿಳಾಸದ ಪುರಾವೆ ಹಾಗೂ ಮೂವರು ಸಾಕ್ಷಿಗಳು ಸಾಮಾನ್ಯವಾಗಿ ಬೇಕಾಗುವಂಥವು. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲದೆ ಶಂಕರನಾರಾಯಣದಲ್ಲಿಯೂ ಉಪನೋಂದಣಾಧಿಕಾರಿ ಕಚೇರಿ ಇದೆ. 2024ರ ಫೆಬ್ರವರಿಯಿಂದ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ವಿವಾಹಗಳ ಆನ್‌ಲೈನ್ ನೋಂದಣಿಗೂ ರಾಜ್ಯ ಸರ್ಕಾರ ಅವಕಾಶ ಕಲ್ಪಿಸಿದೆ.

### ಇತರ ವಿವಾಹಗಳು

ಕ್ರೈಸ್ತ ವಿವಾಹಗಳಿಗೆ 1872ರ ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮ ಅನ್ವಯಿಸುತ್ತದೆ. ಚರ್ಚಿನ ವಿವಾಹ ನೋಂದಣಿ ಪುಸ್ತಕದ ದೃಢೀಕೃತ ಪ್ರತಿ ಇಲ್ಲಿ ಮುಖ್ಯ ದಾಖಲೆ. ಮುಸ್ಲಿಂ ವಿವಾಹಗಳಲ್ಲಿ ಜಮಾತಿನ ನಿಕಾಹ್ ದಾಖಲೆಯ ಆಧಾರದಲ್ಲಿ 1976ರ ಅಧಿನಿಯಮದಡಿ ನೋಂದಣಿ ಮಾಡಿಸಬಹುದು. ಜಿಲ್ಲಾ ವಕ್ಫ್ ಕಚೇರಿಗಳು ವಿವಾಹ ಪ್ರಮಾಣಪತ್ರ ನೀಡಲು ಅವಕಾಶವಿತ್ತ 2023ರ ಸರ್ಕಾರಿ ಆದೇಶಕ್ಕೆ ಕರ್ನಾಟಕ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ತಡೆ ನೀಡಿತು.

ಅಂತರ್ಧರ್ಮೀಯ ವಿವಾಹಗಳಿಗೆ 1954ರ ವಿಶೇಷ ವಿವಾಹ ಅಧಿನಿಯಮ ಅನ್ವಯಿಸುತ್ತದೆ. ಇದರಂತೆ ವಧೂವರರಲ್ಲಿ ಒಬ್ಬರಾದರೂ ನೋಟಿಸು ನೀಡುವ ಮೊದಲು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು; ನೋಟಿಸು ಪ್ರಕಟವಾದ ಮೇಲೆ ಆಕ್ಷೇಪಣೆಗಾಗಿ ಇನ್ನೂ 30 ದಿನ ಕಾಯಬೇಕು; ನೋಟಿಸಿನ ದಿನದಿಂದ ಮೂರು ತಿಂಗಳೊಳಗೆ ವಿವಾಹ ನೆರವೇರಬೇಕು. ಒಂದು ತಿಂಗಳ ರಜೆಯಲ್ಲಿ ಬಂದವರಿಗೆ ಈ ಅವಧಿ ಸಾಲದು. ಊರಿನಲ್ಲಿರುವ ಸಂಗಾತಿಯ ವಾಸಸ್ಥಳದ ಆಧಾರದಲ್ಲಿ ಮುಂಚಿತವಾಗಿ ನೋಟಿಸು ನೀಡುವ ದಾರಿಯನ್ನು ಹಲವರು ಅನುಸರಿಸುತ್ತಾರೆ.

### ವೀಸಾಕ್ಕಾಗಿ ಮೊದಲೇ ನೋಂದಣಿ

ವೀಸಾ ಪ್ರಕ್ರಿಯೆಗೆ ಸಮಯ ಹಿಡಿಯುವುದರಿಂದ, ಮದುವೆಯ ದಿನಕ್ಕೆ ತಿಂಗಳುಗಳ ಮೊದಲೇ ಕಾಗದದಲ್ಲಿ ‘ಮದುವೆ’ಯನ್ನು ನೋಂದಾಯಿಸಿ ಅರ್ಜಿ ಹಾಕುವ ರೂಢಿ ದೇಶದ ಹಲವೆಡೆ ಬೆಳೆದಿದೆ. ಇದರ ಅಪಾಯವನ್ನು ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 19ರ ಆದೇಶದಲ್ಲಿ ಸ್ಪಷ್ಟಪಡಿಸಿತು. ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು, 7ನೆಯ ಪ್ರಕರಣಕ್ಕೆ ಅನುಗುಣವಾದ ವಿಧಿಗಳು ನಡೆಯದಿದ್ದರೆ ನೋಂದಣಿ ಪ್ರಮಾಣಪತ್ರವೊಂದರಿಂದಲೇ ಹಿಂದೂ ವಿವಾಹ ಸಿಂಧುವಾಗುವುದಿಲ್ಲವೆಂದು ಹೇಳಿತು. ವೀಸಾ ಅರ್ಜಿಗಾಗಿ ಹೀಗೆ ನೋಂದಾಯಿಸುವ ಪ್ರವೃತ್ತಿಯನ್ನೂ ಪೀಠ ಪ್ರಸ್ತಾಪಿಸಿ, ಅದು ಸಲ್ಲದೆಂದಿತು. ನಿಶ್ಚಯವಾದ ಮದುವೆ ಅನಂತರ ಮುರಿದುಬಿದ್ದರೆ ಇಬ್ಬರೂ ಕಾಗದದಲ್ಲಿ ವಿವಾಹಿತರಾಗಿ ಉಳಿದು, ಬಿಡುಗಡೆಗಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.

7ನೆಯ ಪ್ರಕರಣವು ವಧು ಅಥವಾ ವರನ ಕಡೆಯ ಸಾಂಪ್ರದಾಯಿಕ ವಿಧಿಗಳನ್ನು ಮಾನ್ಯ ಮಾಡುತ್ತದೆ. ಸಪ್ತಪದಿಯು ಆ ವಿಧಿಗಳ ಭಾಗವಾಗಿದ್ದಲ್ಲಿ ಏಳನೆಯ ಹೆಜ್ಜೆಯೊಂದಿಗೆ ವಿವಾಹ ಪೂರ್ಣವಾಗುತ್ತದೆ. ಕರಾವಳಿಯ ಹಲವು ಸಮುದಾಯಗಳಲ್ಲಿ ಧಾರೆ ಎರೆಯುವುದೇ ಪ್ರಧಾನ ವಿಧಿ. ಆದ್ದರಿಂದ ವಿವಾಹದ ಚಿತ್ರಗಳನ್ನು ಆಯ್ದುಕೊಳ್ಳುವಾಗ ಆರತಕ್ಷತೆಯ ಚಿತ್ರಗಳಿಗಿಂತ ಧಾರೆ, ಮಾಂಗಲ್ಯಧಾರಣೆ, ಸಪ್ತಪದಿಗಳ ಚಿತ್ರಗಳಿಗೆ ಹೆಚ್ಚು ಬೆಲೆ ಇದೆ.

## ಜನನ ದಾಖಲೆ

1969ರ ಜನನ ಮತ್ತು ಮರಣಗಳ ನೋಂದಣಿ ಅಧಿನಿಯಮದಂತೆ ಜನನವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುತ್ತದೆ, ಪೋಷಕರ ಊರಿನಲ್ಲಿ ಅಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಸಂಪ್ರದಾಯ ಹಾಗೂ ಮಣಿಪಾಲ, ಉಡುಪಿ, ಕುಂದಾಪುರದ ಆಸ್ಪತ್ರೆಗಳಲ್ಲಿ ಆಗುವ ಹೆರಿಗೆಗಳಿಂದಾಗಿ ಹುಟ್ಟಿದ ಊರು ಮತ್ತು ಮನೆಯ ಊರು ಬೇರೆಯಾಗಿರುತ್ತವೆ. ಬೈಂದೂರಿನ ಕುಟುಂಬದ ಮಗು ಮಣಿಪಾಲದಲ್ಲಿ ಜನಿಸಿದರೆ ಜನನ ದಾಖಲೆ ಉಡುಪಿ ನಗರಾಡಳಿತದಲ್ಲಿರುತ್ತದೆ. ಪಾಸ್‌ಪೋರ್ಟಿನಲ್ಲಿ ಮಾತ್ರ ಜನ್ಮಸ್ಥಳವನ್ನು ‘ಬೈಂದೂರು’ ಎಂದು ಬರೆಸಿರುವುದುಂಟು. ಇಂಥ ವ್ಯತ್ಯಾಸವಿದ್ದಲ್ಲಿ ಜನನ ಪ್ರಮಾಣಪತ್ರಕ್ಕೆ ಅನುಗುಣವಾಗಿ ಪಾಸ್‌ಪೋರ್ಟನ್ನು ತಿದ್ದಿಸಿಕೊಳ್ಳುವುದು ಸೂಕ್ತ.

ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲದ ಅನೇಕರ ಜನನ ನೋಂದಣಿಯಾಗಿಲ್ಲ; ನೋಂದಣಿಯಾಗಿದ್ದರೂ ಮಗುವಿನ ಹೆಸರಿನ ಜಾಗ ಖಾಲಿ ಇರುವುದು ಸಾಮಾನ್ಯ. ಒಂದು ವರ್ಷ ಮೀರಿದ ಜನನದ ನೋಂದಣಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗಿತ್ತು. 2023ರ ತಿದ್ದುಪಡಿಯು ಈ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಅಧಿಕೃತ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ನೀಡಿತು. ದಾಖಲೆಯೇ ಸಿಗದಿದ್ದಾಗ ‘ಜನನ ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆದು, ಅದರೊಂದಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಶಾಲಾ ವರ್ಗಾವಣೆ ಪತ್ರ ಹಾಗೂ ಹಿರಿಯ ಬಂಧುಗಳ ಪ್ರಮಾಣಪತ್ರಗಳನ್ನು ಸಲ್ಲಿಸಲಾಗುತ್ತದೆ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೇ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಏಕೈಕ ಪುರಾವೆ.

## ಹೆಸರುಗಳ ವ್ಯತ್ಯಾಸ

ಶಾಲಾ ದಾಖಲೆಗಳಲ್ಲಿ ಹೆಸರಿನ ಹಿಂದೆ ಅಥವಾ ಮುಂದೆ ಇನಿಷಿಯಲ್ ಮಾತ್ರ ಇರುವುದು, ಆಧಾರ್‌ನಲ್ಲಿ ತಂದೆಯ ಹೆಸರು ಸೇರಿರುವುದು, ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಉಳಿದಿರುವುದು ಈ ಪ್ರದೇಶದಲ್ಲಿ ಸಾಮಾನ್ಯ. ಉಪನಾಮವಿಲ್ಲದವರಿಗೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಉಪನಾಮವಾಗಿ ಮುದ್ರಿಸಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ನಮೂದಿಸಲಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಸಂದರ್ಶಕರಿಗೆ ಸಂಯುಕ್ತ ಅರಬ್ ಸಂಸ್ಥಾನಗಳು 2022ರ ನವೆಂಬರ್ 21ರಿಂದ ಪ್ರವೇಶ ನಿರ್ಬಂಧಿಸಿದವು.

ಅಳಿಯಕಟ್ಟು ಪದ್ಧತಿಯ ಸಮುದಾಯಗಳಲ್ಲಿ ಬಳಿಯು ತಾಯಿಯಿಂದ ಬರುತ್ತದೆ. ಹಲವು ಕುಟುಂಬಗಳಲ್ಲಿ ಮಕ್ಕಳು ತಾಯಿಯ ಕಡೆಯ ಉಪನಾಮವನ್ನೇ ಇಟ್ಟುಕೊಳ್ಳುವುದರಿಂದ ತಂದೆ ‘ಶೆಟ್ಟಿ’, ಮಗ ‘ಹೆಗ್ಡೆ’ ಎಂದಿರಬಹುದು. ತಂದೆಯ ಉಪನಾಮವೇ ಮಕ್ಕಳಿಗೆ ಬರುತ್ತದೆಂದು ಭಾವಿಸುವ ವಿದೇಶಿ ಅಧಿಕಾರಿಗೆ ಇದು ಸಂದೇಹ ಹುಟ್ಟಿಸಬಹುದು. ಪದ್ಧತಿಯನ್ನು ವಿವರಿಸುವ ಚಿಕ್ಕ ಟಿಪ್ಪಣಿಯನ್ನು ಅರ್ಜಿಯೊಂದಿಗೆ ಇರಿಸಿದರೆ ಗೊಂದಲ ತಪ್ಪುತ್ತದೆ. ವಿವಾಹದ ನಂತರ ಪತ್ನಿ ಉಪನಾಮ ಬದಲಿಸಲೇಬೇಕೆಂಬ ಕಾನೂನಿಲ್ಲ. ಬದಲಿಸುವುದಾದರೆ ಪಾಸ್‌ಪೋರ್ಟ್, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳೆಲ್ಲವನ್ನೂ ಅರ್ಜಿಗೆ ಮೊದಲೇ ಒಂದೇ ರೂಪಕ್ಕೆ ತರಬೇಕಾಗುತ್ತದೆ.

ಇಂಗ್ಲಿಷ್ ಬರವಣಿಗೆಯಲ್ಲಿ ‘ಕೂಂಡಾಪೂರ್’, ‘ಕುಂದಾಪುರ್’, ‘ಕುಂದಾಪುರ’, ‘ಬೈಂದೂರ್’, ‘ಬೈಂದೂರು’, ‘ಬ್ರಹ್ಮಾವರ್’, ‘ಬ್ರಹ್ಮಾವರ’ ಹೀಗೆ ಊರುಗಳ ಹೆಸರೂ ಹಲವು ರೂಪಗಳಲ್ಲಿವೆ. ಸಣ್ಣ ವ್ಯತ್ಯಾಸಗಳಿಗೆ ‘ಇಬ್ಬರೂ ಒಬ್ಬರೇ’ ಎಂದು ನೋಟರಿಯ ಎದುರು ಮಾಡಿದ ಪ್ರಮಾಣಪತ್ರ ಸಾಮಾನ್ಯವಾಗಿ ಸಾಕಾಗುತ್ತದೆ. ಜನ್ಮದಿನಾಂಕ ಅಥವಾ ತಂದೆತಾಯಿಯ ಹೆಸರೇ ಬೇರೆಯಾಗಿದ್ದಲ್ಲಿ ಮೂಲ ದಾಖಲೆಯನ್ನೇ ತಿದ್ದಿಸಬೇಕು.

## ದಾಂಪತ್ಯದ ನೈಜತೆ

ಹಿರಿಯರು ನಿಶ್ಚಯಿಸಿದ ಮದುವೆಯಲ್ಲಿ ವಧೂವರರ ನಡುವೆ ದೀರ್ಘಕಾಲದ ಪರಿಚಯದ ದಾಖಲೆ ಇರುವುದಿಲ್ಲ. ಇದು ದೋಷವಲ್ಲ, ಸಂಬಂಧ ಕೂಡಿಬಂದ ಕ್ರಮವನ್ನು ದಿನಾಂಕಗಳೊಂದಿಗೆ ತೋರಿಸಿದರೆ ಸಾಕು. ಇದಕ್ಕೆ ಬಳಸುವ ಪುರಾವೆಗಳು:

* ನಿಶ್ಚಿತಾರ್ಥ, ಧಾರೆ, ಔತಣಗಳ ಚಿತ್ರಗಳು. ಪ್ರತಿಯೊಂದಕ್ಕೂ ದಿನಾಂಕ, ಸ್ಥಳ ಮತ್ತು ಚಿತ್ರದಲ್ಲಿರುವವರ ಸಂಬಂಧದ ವಿವರ
* ಲಗ್ನಪತ್ರಿಕೆ ಹಾಗೂ ಸಭಾಂಗಣ, ಅಡುಗೆ, ಛಾಯಾಗ್ರಹಣದ ರಸೀದಿಗಳು
* ಮದುವೆಗೆ ಬಂದುಹೋದ ಪ್ರಯಾಣದ ಟಿಕೆಟ್ ಮತ್ತು ಪಾಸ್‌ಪೋರ್ಟಿನ ಮುದ್ರೆಗಳು
* ಮದುವೆಯ ಬಳಿಕದ ಕರೆ ಹಾಗೂ ಸಂದೇಶಗಳ ಆಯ್ದ ಪ್ರತಿಗಳು
* ಹಣ ರವಾನೆಯ ದಾಖಲೆ, ಜಂಟಿ ಖಾತೆ, ವಿಮೆಯಲ್ಲಿ ಸಂಗಾತಿಯ ನಾಮನಿರ್ದೇಶನ

ಮೊದಲಿನ ಮದುವೆ ಇದ್ದಲ್ಲಿ ವಿಚ್ಛೇದನದ ತೀರ್ಪು ಅಥವಾ ಮರಣ ಪ್ರಮಾಣಪತ್ರ ಅಗತ್ಯ. ಸಾಂಪ್ರದಾಯಿಕ ವಿಚ್ಛೇದನವನ್ನು ಹಿಂದೂ ವಿವಾಹ ಅಧಿನಿಯಮದ 29(2)ನೆಯ ಪ್ರಕರಣ ಉಳಿಸಿಕೊಂಡಿದ್ದರೂ, ಹಿರಿಯರ ಸಮಕ್ಷಮದ ಬಿಡುಗಡೆ ಪತ್ರ ಮಾತ್ರ ಇದ್ದರೆ ವಿದೇಶಿ ಅಧಿಕಾರಿಗಳನ್ನು ಒಪ್ಪಿಸುವುದು ಕಷ್ಟ.

ಸುಳ್ಳು ದಾಖಲೆಯ ಪರಿಣಾಮ ತೀವ್ರವಾದುದು. ತಪ್ಪು ನಿರೂಪಣೆಗೆ ಕೆನಡಾ ಐದು ವರ್ಷಗಳ ನಿಷೇಧ ವಿಧಿಸುತ್ತದೆ. ಬ್ರಿಟನ್ನಿನಲ್ಲಿ ವಂಚನೆಗೆ ಹತ್ತು ವರ್ಷಗಳವರೆಗೆ ಅರ್ಜಿಗಳು ತಿರಸ್ಕೃತವಾಗಬಹುದು. ಅಮೆರಿಕದಲ್ಲಿ ಅದು ಶಾಶ್ವತ ಅನರ್ಹತೆಗೆ ಕಾರಣವಾಗಬಹುದು.

## ದೃಢೀಕರಣ ಮತ್ತು ಅನುವಾದ

ಸಾರ್ವಜನಿಕ ದಾಖಲೆಗಳ ವಿದೇಶಿ ಮಾನ್ಯತೆಯನ್ನು ಸರಳಗೊಳಿಸಿದ 1961ರ ಹೇಗ್ ಒಪ್ಪಂದ ಭಾರತದಲ್ಲಿ 2005ರ ಜುಲೈ 14ರಂದು ಜಾರಿಗೆ ಬಂದಿತು. ರಾಜ್ಯಮಟ್ಟದ ದೃಢೀಕರಣದ ಬಳಿಕ ವಿದೇಶಾಂಗ ಸಚಿವಾಲಯ ‘ಅಪೊಸ್ಟಿಲ್’ ಮುದ್ರೆ ನೀಡುತ್ತದೆ. ಒಮಾನ್, ಬಹ್ರೇನ್ ಮತ್ತು 2022ರಿಂದ ಸೌದಿ ಅರೇಬಿಯಾ ಈ ಒಪ್ಪಂದದಲ್ಲಿವೆ. ಒಪ್ಪಂದಕ್ಕೆ ಸೇರದ ಸಂಯುಕ್ತ ಅರಬ್ ಸಂಸ್ಥಾನಗಳಂಥ ದೇಶಗಳಿಗೆ ಸಚಿವಾಲಯದ ದೃಢೀಕರಣದ ಮೇಲೆ ಆಯಾ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪಿಸಿದ್ದರಿಂದ ಆ ದೇಶಕ್ಕೆ ಅಪೊಸ್ಟಿಲ್ ಅನ್ವಯಿಸದೆ, ದಾಖಲೆಗಳ ಸ್ಥಳೀಯ ಪರಿಶೀಲನೆಗೆ ಒಳಪಡಬೇಕಾಗಬಹುದು.

ಕನ್ನಡದಲ್ಲಿರುವ ಜನನ ದಾಖಲೆ, ಲಗ್ನಪತ್ರಿಕೆ ಮೊದಲಾದವುಗಳಿಗೆ ಪೂರ್ಣ ಅನುವಾದ ಬೇಕು. ಅನುವಾದ ನಿಖರವೆಂಬ ಘೋಷಣೆ, ಅನುವಾದಕರ ಹೆಸರು, ಸಹಿ, ದಿನಾಂಕ ಮತ್ತು ಸಂಪರ್ಕ ವಿವರ ಅದರಲ್ಲಿರಬೇಕು. ಮುದ್ರೆ ಹಾಗೂ ಕೈಬರಹದ ಷರಾಗಳನ್ನೂ ಬಿಡದೆ ಅನುವಾದಿಸಬೇಕು.

## ದೇಶವಾರು ಅಗತ್ಯಗಳು

* ಬ್ರಿಟನ್: ಹೊಸ ಅರ್ಜಿದಾರರಿಗೆ 2024ರ ಏಪ್ರಿಲ್ 11ರಿಂದ ಕನಿಷ್ಠ ವಾರ್ಷಿಕ ಆದಾಯದ ಮಿತಿಯನ್ನು 18,600 ಪೌಂಡುಗಳಿಂದ 29,000 ಪೌಂಡುಗಳಿಗೆ ಏರಿಸಲಾಯಿತು. ಇಂಗ್ಲಿಷ್ ಪರೀಕ್ಷೆ ಮತ್ತು ಕ್ಷಯರೋಗ ತಪಾಸಣೆಯ ಪ್ರಮಾಣಪತ್ರ ಬೇಕು.
* ಅಮೆರಿಕ: ಪೌರರ ಸಂಗಾತಿಗೆ ಐ-130 ಅರ್ಜಿಯ ಮೂಲಕ ವಲಸೆ ವೀಸಾ, ಮದುವೆಯಾಗಿ ಎರಡು ವರ್ಷ ತುಂಬದಿದ್ದರೆ ಷರತ್ತುಬದ್ಧ ನಿವಾಸ. ಎಚ್-1ಬಿ ಉದ್ಯೋಗಿಗಳ ಸಂಗಾತಿಗೆ ಎಚ್-4.
* ಕೆನಡಾ: ಸಂಗಾತಿಯ ಪ್ರಾಯೋಜನೆಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿ ಇಲ್ಲ; ಸಂಬಂಧದ ವಿವರವಾದ ಪ್ರಶ್ನಾವಳಿ ಇದೆ.
* ಆಸ್ಟ್ರೇಲಿಯಾ: ಹಣಕಾಸು, ಗೃಹಕೃತ್ಯ, ಸಾಮಾಜಿಕ ಮನ್ನಣೆ ಮತ್ತು ಪರಸ್ಪರ ಬದ್ಧತೆ ಎಂಬ ನಾಲ್ಕು ವಿಭಾಗಗಳಲ್ಲಿ ಪುರಾವೆ.
* ಜರ್ಮನಿ: ಸಾಮಾನ್ಯವಾಗಿ ಎ1 ಮಟ್ಟದ ಜರ್ಮನ್ ಭಾಷಾಜ್ಞಾನ, ಕೆಲವು ವರ್ಗಗಳಿಗೆ ವಿನಾಯಿತಿ.

ಹಲವು ದೇಶಗಳು ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನೂ ಕೇಳುತ್ತವೆ. ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಿದಾಗ ಸ್ಥಳೀಯ ಠಾಣೆಯಿಂದ ವಿಚಾರಣೆ ನಡೆಯುತ್ತದೆ. ಮದುವೆಯ ನಂತರ ವಾಸಸ್ಥಳ ಬದಲಾಗಿದ್ದಲ್ಲಿ ಈಗಿನ ವಿಳಾಸದ ಪುರಾವೆ ಇರಬೇಕು.

## ಭಾರತಕ್ಕೆ ಬರುವ ವಿದೇಶಿ ಸಂಗಾತಿ

ಭಾರತೀಯರನ್ನು ವಿವಾಹವಾದ ವಿದೇಶಿ ಪ್ರಜೆಗಳು ಎಂಟ್ರಿ (ಎಕ್ಸ್) ವೀಸಾ ಪಡೆಯಬಹುದು. ಮದುವೆ ನೋಂದಣಿಯಾಗಿ, ಅರ್ಜಿಯ ಹಿಂದಿನ ಎರಡು ವರ್ಷ ನಿರಂತರವಾಗಿ ಊರ್ಜಿತದಲ್ಲಿದ್ದರೆ ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೂ ಅರ್ಜಿ ಸಲ್ಲಿಸಬಹುದು. ವಿದೇಶದಲ್ಲಿ ನಡೆಯುವ ಭಾರತೀಯರ ವಿವಾಹಗಳಿಗೆ 1969ರ ವಿದೇಶಿ ವಿವಾಹ ಅಧಿನಿಯಮ ಅವಕಾಶ ನೀಡುತ್ತದೆ.

## ಇವನ್ನೂ ನೋಡಿ

* ಹಿಂದೂ ವಿವಾಹ ಅಧಿನಿಯಮ, 1955
* ವಿಶೇಷ ವಿವಾಹ ಅಧಿನಿಯಮ, 1954
* ಅಳಿಯಕಟ್ಟು
* ಉಡುಪಿ ಜಿಲ್ಲೆ